ಚೆಂಡು ಮುಟ್ಟದ ತೊಗಲು

ಇನ್ಸ್‌ಪೆಕ್ಟರ್ ಪೂಲ್ ಆಟದ ಕ್ಯೂ ಕೋಲನ್ನು ಅಡುಗೆಮನೆಯ ಮೇಜಿನ ಮೇಲೆ ಅಡ್ಡಲಾಗಿ ಮಲಗಿಸಿ, ಅದರ ತುದಿಗೆ ಅಂಟಿಸಿದ ತೊಗಲಿನ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಅಮ್ಮ, ಈ ಟಿಪ್ ಹಾಕಿದ್ದು ನೀವು," ಎಂದಳು.

ಮುದುಕಿ ಒಲೆಯ ಮುಂದೆ ನಿಂತಿದ್ದಳು. ತಿರುಗಲಿಲ್ಲ. ಪಾತ್ರೆಯಲ್ಲಿ ಚಹಾ ಉಕ್ಕಿ ಬಂತು. ಉರಿ ಸಣ್ಣ ಮಾಡಿದಳು.

"ನನಗೇನು ಗೊತ್ತು ತಾಯಿ. ಅದು ಅವರ ಆಟ."

"ಆಟ ಅವರದು. ಟಿಪ್ ಹಾಕೋದು ಆಟ ಅಲ್ಲವಲ್ಲ, ಅದು ಕೈಕೆಲಸ."

ಮಂಗಳವಾರ ಬೆಳಿಗ್ಗೆ ಈ ಮನೆಯ ಮಹಡಿಯಲ್ಲಿ, ತನ್ನದೇ ಪೂಲ್ ಟೇಬಲ್ಲಿನ ಪಕ್ಕದಲ್ಲಿ, ತಲೆಯ ಹಿಂಭಾಗಕ್ಕೆ ಪೆಟ್ಟು ಬಿದ್ದು ಸತ್ತು ಬಿದ್ದಿದ್ದವನು ಈಕೆಯ ಗಂಡ. ಒಂದು ಕಾಲದ ಚಾಂಪಿಯನ್. ಅವನನ್ನು ಕೊಂದನೆಂದು ಲಾಕಪ್ಪಿನಲ್ಲಿ ಕೂತಿರುವವನು ಅವನ ಶಿಷ್ಯ.

ಶಿಷ್ಯನ ಮೇಲೆ ಬಿದ್ದ ಉರುಳು ಸರಳವಾಗಿತ್ತು. ಸಾವು ಭಾನುವಾರ ಸಂಜೆಯಿಂದ ಸೋಮವಾರ ರಾತ್ರಿಯೊಳಗೆ ಯಾವಾಗ ಬೇಕಾದರೂ ಆಗಿರಬಹುದು ಎಂದು ವೈದ್ಯರು ಹೇಳಿದ್ದರು. ಚಳಿಗಾಲ, ಕಿಟಕಿಗಳೆಲ್ಲ ತೆರೆದಿದ್ದವು; ಇನ್ನೂ ಖಚಿತವಾಗಿ ಹೇಳಲು ಆಗದು ಎಂದಿದ್ದರು. ಆದರೆ ಸೋಮವಾರ ಮಧ್ಯಾಹ್ನ ಗಂಡ ಬದುಕಿದ್ದ ಎಂದು ಈ ಮುದುಕಿ ಖಂಡಿತವಾಗಿ ಹೇಳಿದಳು. ಸೋಮವಾರ ಸಂಜೆ ಶಿಷ್ಯ ಹಿಂದಿನ ಓಣಿಯ ಮೆಟ್ಟಿಲು ಹತ್ತಿದ್ದನ್ನು ಇಸ್ತ್ರಿ ಅಂಗಡಿಯವನು ನೋಡಿದ. ಬಾಗಿಲು ತಟ್ಟಿದೆ, ಯಾರೂ ತೆಗೆಯಲಿಲ್ಲ, ವಾಪಸು ಬಂದೆ ಎಂದು ಶಿಷ್ಯ ಹೇಳಿದ್ದನ್ನು ನಂಬುವವರು ಯಾರೂ ಇರಲಿಲ್ಲ. ಗುರುಶಿಷ್ಯರು ಆಡುತ್ತಿದ್ದರು, ಹಳೆಯ ಜಗಳ ತಲೆ ಎತ್ತಿತು, ಶಿಷ್ಯ ಹೊಡೆದ: ಮೇಲಧಿಕಾರಿಯ ಲೆಕ್ಕ ಇಷ್ಟೇ. ಟೇಬಲ್ಲಿನ ಮೇಲೆ ಚೆಂಡುಗಳು ಚದುರಿದ್ದವು, ಕ್ಯೂ ಕೋಲು ಅಲ್ಲೇ ಬಿದ್ದಿತ್ತು. ಇನ್ನೇನು ಬೇಕು.

ಆ ಕೋಲೇ ಈಗ ಮೇಜಿನ ಮೇಲಿತ್ತು.

ಇನ್ಸ್‌ಪೆಕ್ಟರ್ ಹೆಬ್ಬೆರಳಿನ ಉಗುರನ್ನು ಅದರ ತುದಿಯ ಸುತ್ತ ನಿಧಾನವಾಗಿ ಆಡಿಸಿದಳು. ಬಿಳಿಯ ಬಳೆ ಮುಗಿದು ತೊಗಲು ಶುರುವಾಗುವ ಕಡೆ ಉಗುರಿಗೆ ಏನೂ ಸಿಗಲಿಲ್ಲ. ಕೂಡಿಸಿದ ಜಾಗ ಅಷ್ಟು ನುಣುಪಾಗಿತ್ತು. ಬದಿಯನ್ನು ಒದ್ದೆ ಮಾಡಿ, ಬಟ್ಟೆಯಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದರು. ತುದಿಯ ಉಬ್ಬು ಸಮವಾಗಿತ್ತು.

ಆಕೆಯ ಅಪ್ಪ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದ. ಅಂಕ ಬರೆಯುವುದು, ಟೇಬಲ್ ಒರೆಸುವುದು, ಕೋಲುಗಳಿಗೆ ಟಿಪ್ ಹಾಕುವುದು ಅವನ ಕೆಲಸ. ತಾಯಿಯಿಲ್ಲದ ಮಗಳು ಸಂಜೆ ಶಾಲೆ ಬಿಟ್ಟ ಮೇಲೆ ಅವನ ಪಕ್ಕದಲ್ಲೇ ಕೂತು ಪಾಠ ಓದುತ್ತಿದ್ದಳು. ಅಪ್ಪ ಹೋದ ಮೇಲೆ ಅವನ ಬ್ಲೇಡು, ಅರ, ಅಂಟಿನ ಸೀಸೆ ಆಕೆಯ ಕ್ವಾರ್ಟರ್ಸಿಗೆ ಬಂದವು. ರಜೆಯ ದಿನ ಮಾತಾಡಲು ಯಾರೂ ಇಲ್ಲದಾಗ ಪೊಲೀಸ್ ಕ್ಲಬ್ಬಿನ ಕೋಲುಗಳನ್ನು ತಂದು ರಿಪೇರಿ ಮಾಡುತ್ತಿದ್ದಳು. ರಜೆಯ ದಿನ ಮಾತಾಡಲು ಯಾರೂ ಇರುತ್ತಿರಲಿಲ್ಲ.

"ಇದು ಪದರದ ಟಿಪ್," ಎಂದಳು. "ತೆಳ್ಳಗಿನ ತೊಗಲಿನ ಹಾಳೆ ಒಂದರ ಮೇಲೊಂದು ಅಂಟಿಸಿ ಮಾಡಿದ್ದು. ಒಂದೇ ತುಂಡು ತೊಗಲಾದ್ರೆ ನಾಲ್ಕು ದಿನ ಆಡೋ ಹೊತ್ತಿಗೆ ಅಣಬೆ ಥರ ಅರಳಿಬಿಡುತ್ತೆ. ಇದು ಅಷ್ಟು ಬೇಗ ಅರಳಲ್ಲ. ಸರಿಯಾಗಿ ಕೂರಿಸಿದ್ರೆ ಬಹಳ ಕಾಲ ಬಾಳುತ್ತೆ. ಕೂರಿಸೋಕೆ ಬರದಿದ್ರೆ ವಾರದಲ್ಲಿ ಪದರ ಬಿಟ್ಕೊಳ್ಳುತ್ತೆ. ಇದನ್ನ ಕೂರಿಸಿದ ಕೈ ನಡುಗಿಲ್ಲ ಅಮ್ಮ. ನಿಮ್ಮ ಯಜಮಾನರ ಕೈ ಚಮಚ ಹಿಡಿಯೋಕೂ ನಡುಗುತ್ತಿತ್ತು ಅಂತ ವೈದ್ಯರು ಹೇಳಿದ್ದಾರೆ."

"ಶಿಷ್ಯ ಹಾಕಿರಬಹುದು."

"ಅವನು ಇವತ್ತಿಗೂ ಒಂದೇ ತುಂಡಿನ ಗಟ್ಟಿ ಟಿಪ್ ಹಾಕಿಸ್ಕೊಳ್ತಾನೆ, ಅದೂ ಅಂಗಡಿಯಲ್ಲಿ. ನಿಮ್ಮ ಹೆಬ್ಬೆರಳು ತೋರಿಸಿ."

ಮುದುಕಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಮೇಲೆ ಅದರಿಂದ ಪ್ರಯೋಜನವಿಲ್ಲ ಅನ್ನಿಸಿರಬೇಕು, ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಉಗುರಿನ ಅಂಚಿನಲ್ಲಿ ಒಣಗಿದ ಅಂಟಿನ ಬಿಳಿ ಪೊರೆ ಇತ್ತು. ಎಷ್ಟು ತೊಳೆದರೂ ಅದು ಚರ್ಮದ ಜೊತೆಗೇ ಹೋಗಬೇಕು.

ಬಾಗಿಲ ಹತ್ತಿರ ನಿಂತಿದ್ದ ದಫೇದಾರ ಕೆಮ್ಮಿದ. ಆತನಿಗೆ ನಿವೃತ್ತಿ ಹತ್ತಿರ ಬಂದಿತ್ತು. ಸುಮ್ಮನೆ ನಿಲ್ಲುವುದು ಮಾತ್ರ ಇನ್ನೂ ಬಂದಿರಲಿಲ್ಲ.

"ಮೇಡಂ, ಮೈದುನನ ವಿಚಾರ ಕೇಳಿ ಬಂದೆ. ಚಾಂಪಿಯನ್ ತಮ್ಮ. ಸೈಕಲ್ ಅಂಗಡಿ ಇಟ್ಟಿದಾನೆ. ಅಣ್ಣನ ಮನೆ ಮೆಟ್ಟಿಲು ಹತ್ತಿ ವರ್ಷಗಳೇ ಆದವು ಅಂತಾನೆ. ಮದುವೆ ಇಲ್ಲ, ಮಕ್ಕಳಿಲ್ಲ. ಅವನ ಸೈಕಲ್ಲಿಗೂ ಹಿಂದಿನ ಸೀಟಿಲ್ಲ."

"ಸರಿ. ನೀವು ಹಿಂದಿನ ಓಣಿಗೆ ಹೋಗಿ, ಇಸ್ತ್ರಿಯವನು ಬಂದ್ರೆ ಹಿಡಿದು ಕೂರಿಸ್ಕೊಳ್ಳಿ. ಇನ್ನೊಂದು ಸಲ ಅವನನ್ನ ಕೇಳಬೇಕು."

"ಅವನು ಮಧ್ಯಾಹ್ನ ಅಂಗಡಿ ಮುಚ್ಚಿ ಮಲಗ್ತಾನೆ ಮೇಡಂ. ಕುಂಭಕರ್ಣ."

"ಎದ್ದ ಮೇಲೆ ಹಿಡೀರಿ."

ದಫೇದಾರ ಚಹಾದ ಪಾತ್ರೆಯ ಕಡೆ ಒಮ್ಮೆ ಆಸೆಯಿಂದ ನೋಡಿ ಹೊರಟ.

ಮನೆ ಸದ್ದಿಲ್ಲದಾಯಿತು. ಅಡುಗೆಮನೆಯಿಂದ ಮಹಡಿಗೆ ಹೋಗುವ ಒಳಮೆಟ್ಟಿಲು ಎದುರಿಗೇ ಕಾಣುತ್ತಿತ್ತು. ಮರದ ಮೆಟ್ಟಿಲುಗಳ ಅಂಚು ಸವೆದಿರಲಿಲ್ಲ. ಯಾರೂ ಓಡಾಡದ ಮೆಟ್ಟಿಲು ಅದು. ಚಾಂಪಿಯನ್ ಮೇಲೆ ತಾನೇ ಬೇಯಿಸಿಕೊಳ್ಳುತ್ತಿದ್ದ, ಹಿಂದಿನ ಓಣಿಯ ಮೆಟ್ಟಿಲಿನಿಂದಲೇ ಹೋಗಿಬರುತ್ತಿದ್ದ. ಇವಳು ಕೆಳಗೆ. ಗಂಡ ಹೆಂಡತಿ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತೆಂದು ಬೀದಿಗೆಲ್ಲ ಗೊತ್ತಿತ್ತು.

"ಯಾಕೆ ಮಾತು ಬಿಟ್ಟಿರಿ ಅಮ್ಮ?"

"ಎಲ್ಲರೂ ಇದನ್ನೇ ಕೇಳ್ತಾರೆ." ಮುದುಕಿ ಚಹಾ ಸೋಸಿ ಒಂದು ಲೋಟ ಮುಂದಿಟ್ಟಳು. "ದೊಡ್ಡ ಕಾರಣ ಇದ್ದಿದ್ರೆ ಎಂದಾದ್ರೂ ಒಂದು ದಿನ ಬಗೆಹರಿಸ್ಕೊಳ್ಳಬಹುದಿತ್ತು. ಒಂದು ದಿನ ಅವರು ಮಾತಾಡಲಿಲ್ಲ. ಮಾರನೇ ದಿನ ನಾನು ಮಾತಾಡಲಿಲ್ಲ. ಆಮೇಲೆ ಮೊದಲು ಯಾರು ಬಾಯಿ ಬಿಡಬೇಕು ಅನ್ನೋದೇ ದೊಡ್ಡದಾಯ್ತು."

"ಟಿಪ್?"

ಮುದುಕಿ ಕುರ್ಚಿ ಎಳೆದು ಕೂತಳು.

"ಮದುವೆಯಾದ ಹೊಸದರಲ್ಲಿ ಇದೇ ಮೇಜಿನ ಮೇಲೆ ಹಾಕ್ತಿದ್ರು. ನಾನು ಕೋಲು ಹಿಡ್ಕೋತಿದ್ದೆ. ಹಳೇದನ್ನ ಬ್ಲೇಡಿಂದ ಕಿತ್ತು, ತಳ ಚಪ್ಪಟೆ ಆಗೋ ಹಾಗೆ ಸ್ಯಾಂಡ್‌ಪೇಪರಲ್ಲಿ ಉಜ್ಜಿ, ಹೊಸದರ ಬೆನ್ನನ್ನೂ ಉಜ್ಜಿ, ಒಂದೇ ಒಂದು ಹನಿ ಅಂಟು. ಹೆಚ್ಚಾಯ್ತೋ, ತೊಗಲು ಕುಡಿದು ಕಲ್ಲಾಗುತ್ತೆ. ಒತ್ತಿ ಹಿಡಿದು ರಾತ್ರಿಯೆಲ್ಲ ಬಿಡಬೇಕು. ಅದೆಲ್ಲ ನೋಡಿ ನೋಡಿ ಕೈಗೆ ಬಂದಿತ್ತು."

"ಆಮೇಲೆ?"

"ಕೆಲವು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಈ ಕೋಲು ಒಳಮೆಟ್ಟಿಲ ಮೇಲಿತ್ತು. ಮೇಲಿನ ಬಾಗಿಲಿಗೆ ಒರಗಿಸಿದ್ರು. ಟಿಪ್ ಸೊಟ್ಟ, ಸುತ್ತ ಅಂಟು ಬಳಿದುಹೋಗಿತ್ತು. ಅವರೇ ಹಾಕೋಕೆ ನೋಡಿ ಸೋತಿದ್ರು. ಅಂಥ ಕೈ." ಮುದುಕಿ ತನ್ನ ಕೈಯನ್ನು ನೋಡಿಕೊಂಡಳು. "ತಂದು ಸರಿ ಮಾಡಿ, ಮತ್ತೆ ಅಲ್ಲೇ ಇಟ್ಟೆ. ಸಂಜೆ ಕೋಲು ಒಳಗೆ ಹೋಗಿತ್ತು. ರಾತ್ರಿ ಚೆಂಡಿನ ಸದ್ದು ಕೇಳಿಸ್ತು. ಮಲಗಿಕೊಂಡೇ ಕೇಳಿದೆ."

"ಅವರು ಏನೂ ಹೇಳಲಿಲ್ಲ."

"ಇಲ್ಲ. ಮತ್ತೆ ಟಿಪ್ ಸವೆದಾಗ ಮತ್ತೆ ಕೋಲು ಬಾಗಿಲಿಗೆ ಬಂತು. ಅದೇ ಮಾತು ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಚಹಾ ಕುಡಿಯಲಿಲ್ಲ. ಈಗ ಕೇಳಬೇಕಾದದ್ದು ಅವಳಿಗೇ ಇಷ್ಟವಿಲ್ಲದ ಪ್ರಶ್ನೆ.

"ಈ ಟಿಪ್ ಒಂದು ಚೆಂಡನ್ನೂ ಮುಟ್ಟಿಲ್ಲ ಅಮ್ಮ. ಹೊಡೆಯೋ ಮುಂಚೆ ಹಚ್ಚೋ ಚಾಕ್‌ಪುಡಿ ಇದರ ಮೇಲಿಲ್ಲ, ಒಂದು ಚುಕ್ಕೆಯಷ್ಟೂ ತಗ್ಗಿಲ್ಲ. ಒಂದು ಹೊಡೆತ ಹೊಡೆದಿದ್ರೂ ಗುರುತು ಇರ್ತಿತ್ತು. ಅಂದ್ರೆ ಸೋಮವಾರ ಸಂಜೆ ಅಲ್ಲಿ ಯಾರೂ ಆಡ್ತಿರಲಿಲ್ಲ. ಇದನ್ನ ಯಾವಾಗ ಹಾಕಿದಿರಿ?"

"ಭಾನುವಾರ ಮಧ್ಯಾಹ್ನ ಕೋಲು ಬಂತು. ಆಗಲೇ ಹಾಕಿದೆ. ಸೋಮವಾರದ ತನಕ ಒಣಗೋಕೆ ಬಿಟ್ಟೆ."

"ಸೋಮವಾರ ವಾಪಸು ಕೊಟ್ಟಿರಿ. ಅದಕ್ಕೇ ಅವರು ಬದುಕಿದ್ರು ಅಂತ ಹೇಳಿದಿರಿ. ನೀವು ಅವರನ್ನ ನೋಡಿದಿರಾ?"

"ಕೋಲು ತಗೊಂಡ್ರು."

"ನೋಡಿದಿರಾ?"

ಮುದುಕಿ ಮೇಜಿನ ಮೇಲಿನ ಚಹಾದ ಕಲೆಯನ್ನು ಸೆರಗಿನಿಂದ ಒರೆಸಿದಳು.

"ಕಿತ್ತುಹಾಕಿದ ಹಳೇ ಟಿಪ್ ಎಲ್ಲಿದೆ?"

ಕೇಳಿದ ತಕ್ಷಣ ಮುದುಕಿಯ ಕಣ್ಣು ಗೂಡಿನ ಕಡೆ ಹೋಗಿ ಬಂತು. ಅಲ್ಲಿ ಗುಂಡಿ ಹಾಕಿಡುವ ತಗಡಿನ ಡಬ್ಬಿ ಇತ್ತು. ಇನ್ಸ್‌ಪೆಕ್ಟರ್ ಎದ್ದು ಅದನ್ನು ತಂದು ಮುಚ್ಚಳ ತೆಗೆದಳು. ಒಳಗೆ ಗುಂಡಿಗಳಿರಲಿಲ್ಲ. ಸವೆದ ಟಿಪ್‌ಗಳಿದ್ದವು, ಇಷ್ಟು ವರ್ಷ ಕಿತ್ತು ತೆಗೆದವೆಲ್ಲ. ಬಿಸಾಡಲು ಮನಸ್ಸು ಬಂದಿರಲಿಲ್ಲ.

"ಹಳೇವು ಕೆಳಗೆ, ಹೊಸವು ಮೇಲೆ," ಎಂದಳು ಮುದುಕಿ. "ಹಾಗೇ ಹಾಕ್ತಾ ಬಂದೆ."

ಇನ್ಸ್‌ಪೆಕ್ಟರ್ ಅವುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಅಡಿಯಲ್ಲಿದ್ದವು ಕೆಲವೇ ಕೆಲವು. ಒಂದೊಂದೂ ಕಡೆಯ ಪದರದ ತನಕ ಸವೆದಿತ್ತು, ಸುತ್ತಲೂ ಒಂದೇ ಸಮ. ಕೋಲನ್ನು ಕೈಯಲ್ಲಿ ತಿರುಗಿಸುತ್ತ ಚಾಕ್ ಹಚ್ಚುವವನ, ಚೆಂಡನ್ನು ಮೆತ್ತಗೆ ಮುಟ್ಟುವವನ ಸವೆತ ಅದು. ಅಂಥವನ ಕೈಯಲ್ಲಿ ಪದರದ ಟಿಪ್ ವರ್ಷಕ್ಕೂ ಮೀರಿ ಬಾಳುತ್ತದೆ.

ಮೇಲಿನವು ಬೇರೆಯಾಗಿದ್ದವು. ಸಂಖ್ಯೆಯೂ ಜಾಸ್ತಿ. ಅರ್ಧ ದಪ್ಪ ಹಾಗೇ ಉಳಿದಿತ್ತು. ಆದರೆ ಒಂದು ಅಂಚು ಚಚ್ಚಿಹೋಗಿ, ಪದರಗಳು ಬಾಯಿ ಬಿಟ್ಟಿದ್ದವು. ಚೆಂಡಿನ ನಡುವಿಗೆ ಹೊಡೆಯಲು ಹೋಗಿ ಅಂಚಿನಲ್ಲಿ ಜಾರಿದವನ ಕೆಲಸ. ತೋಳಿನ ಬಲವೆಲ್ಲ ಹಾಕಿ ಹೊಡೆದವನದು.

"ಇವು ಯಾವಾಗಿಂದ?"

"ಹೋದ ಚಳಿಗಾಲದಿಂದ."

"ಹೋದ ಚಳಿಗಾಲದಿಂದ ನಿಮ್ಮ ಯಜಮಾನರಿಗೆ ಕೋಲು ಹಿಡಿಯೋಕೇ ಆಗ್ತಿರಲಿಲ್ಲ ಅಮ್ಮ. ವೈದ್ಯರ ಚೀಟಿ ಮಹಡಿಯಲ್ಲೇ ಸಿಕ್ಕಿದೆ. ಇವು ಅವರ ಹೊಡೆತ ಅಲ್ಲ. ಇವು ಕಲಿಯೋರ ಹೊಡೆತ. ಮೇಲೆ ಯಾರೋ ಕಲೀತಾ ಇದ್ರು."

ಹೇಳಿಬಿಟ್ಟು ಆಕೆ ಕಾದಳು. ಈ ಮುದುಕಿಗೆ ಇದ್ದ ಒಂದೇ ಒಂದು ಮಾತುಕತೆಯನ್ನು ತಾನು ಕಿತ್ತುಕೊಂಡೆ ಎನ್ನಿಸಿತು. ಒಂದು ವರ್ಷದಿಂದ ಗಂಡನಿಗೆ ಎಂದು ಉಜ್ಜಿ, ಕೊರೆದು, ಹೊಳಪು ಕೊಟ್ಟದ್ದೆಲ್ಲ ಯಾರದೋ ಪಾಲಾಗಿತ್ತು ಎಂದು ಹೇಳುವುದು ಸುಲಭವಲ್ಲ.

ಮುದುಕಿ ಅಳಲಿಲ್ಲ. ಸಾಲಿನಿಂದ ಒಂದು ಟಿಪ್ ಎತ್ತಿಕೊಂಡಳು, ತೀರಾ ಹಾಳಾಗಿದ್ದನ್ನು.

"ಇದು ಮೊದಲನೇದು," ಎಂದಳು. "ಹೊಟ್ಟೆ ಉರಿದುಹೋಯ್ತು ಇದನ್ನ ನೋಡಿ. ಯಾವ ಕತ್ತೆ ಹೀಗೆ ಹೊಡೆದಿದ್ದು ಅಂದ್ಕೊಂಡೆ." ಇನ್ನೊಂದನ್ನು ಎತ್ತಿದಳು. "ಇದು ಆಮೇಲಿನದು. ಅಂಚು ಇಷ್ಟು ಚಚ್ಚಿಲ್ಲ, ನೋಡಿ." ಕಡೆಯದನ್ನು, ಭಾನುವಾರ ಕಿತ್ತದ್ದನ್ನು, ಅಂಗೈಯಲ್ಲಿಟ್ಟುಕೊಂಡಳು. "ಇದು ಹೆಚ್ಚುಕಡಿಮೆ ಸಮವಾಗೇ ಸವೆದಿದೆ. ಒಂದು ಕಡೆ ಮಾತ್ರ ಸ್ವಲ್ಪ. ಅದೂ ಸರಿ ಹೋಗ್ತಿತ್ತು."

ಇನ್ಸ್‌ಪೆಕ್ಟರ್ ಆಕೆಯ ಮುಖ ನೋಡಿದಳು.

"ನಿಮಗೆ ಗೊತ್ತಿತ್ತು."

"ಅವರ ಜೊತೆ ಬಾಳಿದೀನಲ್ಲ ತಾಯಿ. ಅವರ ಚೆಂಡಿನ ಸದ್ದು ನನಗೆ ಗೊತ್ತಾಗಲ್ವ? ಅವರದು ಟಕ್ ಅಂತ ಒಂದೇ ಸದ್ದು. ಇದು ಹೆದರಿ ಹೆದರಿ ಹೊಡೆಯೋ ಸದ್ದು. ಮಧ್ಯಾಹ್ನವೇ ಕೇಳಿಸ್ತಿತ್ತು, ಓಣಿಯಲ್ಲಿ ಜನ ಇಲ್ಲದಾಗ. ಆಮೇಲಾಮೇಲೆ ಹೆದರಿಕೆ ಹೋಯ್ತು. ಕೆಳಗೆ ಕೂತೇ ಎಣಿಸ್ತಿದ್ದೆ, ಎಷ್ಟು ಚೆಂಡು ಗೂಡಿಗೆ ಬಿತ್ತು ಅಂತ. ಚೆನ್ನಾಗಿ ಬಿದ್ದ ದಿನ ನನಗೂ ಊಟ ಸೇರ್ತಿತ್ತು."

"ಯಾರು ಅಂತ ಹತ್ತಿ ನೋಡಲಿಲ್ಲವಾ?"

"ಹತ್ತಿದ್ರೆ ನಾನು ಸೋತ ಹಾಗೆ."

ಹೊರಗೆ ಬೀದಿಯಲ್ಲಿ ಯಾರೋ ಬೈಸಿಕಲ್ ಗಂಟೆ ಬಾರಿಸಿಕೊಂಡು ಹೋದರು.

"ಅಮ್ಮ," ಇನ್ಸ್‌ಪೆಕ್ಟರ್ ಹೇಳಿದಳು, "ಶಿಷ್ಯನ ಅಕ್ಕ ಸ್ಟೇಷನ್ನಿನ ಹೊರಗಿನ ಬೆಂಚಿನ ಮೇಲೆ ಕೂತಿದಾಳೆ. ಅವನನ್ನ ಹಿಡಿದ ದಿನದಿಂದ. ಯಾರು ಏನು ಕೊಟ್ಟರೂ ತಿನ್ನಲ್ಲ. ಅವನಿಗೂ ಅವಳನ್ನ ಬಿಟ್ಟರೆ ಯಾರೂ ಇಲ್ಲ. ನಾಳೆ ಅವನನ್ನ ಕೋರ್ಟಿಗೆ ಕರ್ಕೊಂಡು ಹೋಗ್ತಾರೆ. ನಿಮ್ಮ ಒಂದು ಮಾತಿನ ಮೇಲೆ. ಸೋಮವಾರ ಮಧ್ಯಾಹ್ನ ಬಾಗಿಲಲ್ಲಿ ಏನು ನಡೀತು?"

ಮುದುಕಿ ಟಿಪ್‌ಗಳನ್ನು ಒಂದೊಂದಾಗಿ ಡಬ್ಬಿಗೆ ವಾಪಸು ಹಾಕತೊಡಗಿದಳು. ಅಡಿಯದು ಅಡಿಗೆ, ಮೇಲಿನದು ಮೇಲೆ. ಕಡೆಯದನ್ನು ಹಾಕಿ ಮುಚ್ಚಳ ಒತ್ತಿದಳು.

"ಕೋಲು ತಗೊಂಡು ಮೇಲೆ ಹೋದೆ. ಬಾಗಿಲಿಗೆ ಒರಗಿಸಬೇಕು, ಬಾಗಿಲು ಸ್ವಲ್ಪ ತೆಗೀತು. ಕೈ ಬಂತು. ಅವರ ಕೈ ಅಲ್ಲ. ಹೆಂಗಸಿನ ಕೈ, ಬೆರಳಿಗೆಲ್ಲ ನೀಲಿ ಚಾಕ್. ಕೋಲು ತಗೊಂಡ್ಳು. ಬಾಗಿಲು ಮುಚ್ಚೋ ಮುಂಚೆ ಹೇಳಿದ್ಳು, 'ಇನ್ನು ಟಿಪ್ ಹಾಕೋದು ಬೇಡ ದೊಡ್ಡಮ್ಮ' ಅಂತ."

"ದೊಡ್ಡಮ್ಮ?"

"ಹ್ಞೂಂ. ದೊಡ್ಡಮ್ಮ ಅಂದ್ಳು."

"ಮೇಲೆ ಅವರು ಸತ್ತು ಬಿದ್ದಿದಾರೆ ಅಂತ ನಿಮಗೆ ಗೊತ್ತಿತ್ತಾ?"

"ಆಣೆ ಮಾಡಿ ಹೇಳ್ತೀನಿ, ಗೊತ್ತಿರಲಿಲ್ಲ. ಮಂಗಳವಾರ ಹಾಲಿನವನು ಕೂಗಿಕೊಂಡಾಗಲೇ ತಿಳಿದದ್ದು. ನೀವು ಬಂದು ಕೊನೇ ಸಲ ಯಾವಾಗ ನೋಡಿದಿರಿ ಅಂದಿರಿ. ಸೋಮವಾರ ಬದುಕಿದ್ರು, ಅವರೇ ಕೋಲು ತಗೊಂಡ್ರು ಅಂದುಬಿಟ್ಟೆ. ಹಾಗಂದ್ರೆ ಆ ಕೈ ಯಾರದು ಅಂತ ಯಾರೂ ಕೇಳಲ್ಲ ಅಂತ. ಸಂಜೆ ಆ ಹುಡುಗ ಬಂದಿದ್ದ ಅಂತ ನನಗೇನು ಕನಸು ಬಿದ್ದಿತ್ತಾ?"

"ಮುಖ ಕಾಣದ ಒಬ್ಬಳನ್ನ ಉಳಿಸೋಕೆ ಸುಳ್ಳು ಹೇಳಿದಿರಿ."

"ಈ ಮನೆಯಲ್ಲಿ ಇಷ್ಟು ವರ್ಷದಲ್ಲಿ ನನ್ನನ್ನ ಕರೆದ ದನಿ ಅದೊಂದೇ," ಎಂದಳು ಮುದುಕಿ.

ಇನ್ಸ್‌ಪೆಕ್ಟರ್ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದು ತಣ್ಣಗಾಗಿತ್ತು. ತನ್ನ ಕ್ವಾರ್ಟರ್ಸಿನಲ್ಲಿ ತನ್ನನ್ನು ಕರೆಯುವ ದನಿ ಯಾವುದು ಎಂಬ ಯೋಚನೆ ಬಂತು. ಅದನ್ನು ಪಕ್ಕಕ್ಕೆ ತಳ್ಳಿ, ಕೆಲಸಕ್ಕೆ ಬಂದಳು.

ಬೀದಿಯ ಮಕ್ಕಳೆಲ್ಲ ಈಕೆಯನ್ನು ಅಜ್ಜಿ ಎನ್ನುತ್ತಿದ್ದರು. ದೊಡ್ಡವರು ಚಾಂಪಿಯನ್ ಅಮ್ಮ ಎನ್ನುತ್ತಿದ್ದರು. ದೊಡ್ಡಮ್ಮ ಎಂದು ಸುಮ್ಮಸುಮ್ಮನೆ ಯಾರೂ ಕರೆಯುವುದಿಲ್ಲ.

"ನಿಮಗೆ ತಂಗಿ ಇದ್ದಾರಾ ಅಮ್ಮ?"

"ಒಡಹುಟ್ಟಿದವರೇ ಇಲ್ಲ. ನಾನು ಒಬ್ಬಳೇ ಮಗಳು."

ತಾಯಿಯ ಅಕ್ಕ ದೊಡ್ಡಮ್ಮ. ಈಕೆಗೆ ತಂಗಿಯಿಲ್ಲ. ತಂದೆಯ ಅಣ್ಣನ ಹೆಂಡತಿ ದೊಡ್ಡಮ್ಮ. ಮೈದುನನಿಗೆ ಮದುವೆಯೇ ಆಗಿಲ್ಲ. ಇನ್ನು ಉಳಿದದ್ದು ಒಂದೇ. ತಂದೆಗೆ ಇಬ್ಬರು ಹೆಂಡಿರಿದ್ದರೆ, ಕಿರಿಯವಳ ಮಕ್ಕಳು ಹಿರಿಯವಳನ್ನು ಕರೆಯುವುದೂ ದೊಡ್ಡಮ್ಮ ಎಂದೇ.

ಅದನ್ನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದಳು.

"ನಾನೂ ಅದೇ ಲೆಕ್ಕ ಹಾಕಿದೆ ತಾಯಿ," ಎಂದಳು. "ಬಾಗಿಲಲ್ಲಿ ನಿಂತೇ ಹಾಕಿದೆ. ಮೈಯೆಲ್ಲ ಬೆಂಕಿ ಹತ್ತಿಕೊಳ್ಳಬೇಕಿತ್ತು. ಹತ್ತಿಕೊಳ್ಳಲಿಲ್ಲ. ಇವಳಾ ಕಲೀತಾ ಇದ್ದದ್ದು ಅನ್ನಿಸ್ತು."

"ಅವಳು ಎಲ್ಲಿದಾಳೆ?"

ಮುದುಕಿ ಎದ್ದಳು. ಒಂದು ತಟ್ಟೆ ತೆಗೆದು, ಪಾತ್ರೆಯಿಂದ ಊಟ ಬಡಿಸಿದಳು. ಒಬ್ಬರಿಗಾಗುವಷ್ಟು, ಧಾರಾಳವಾಗಿ. ಪಕ್ಕದಲ್ಲಿ ನೀರಿಟ್ಟಳು.

"ಸೋಮವಾರ ಕತ್ತಲಾದ ಮೇಲೆ ಒಳಮೆಟ್ಟಿಲು ಇಳಿದು ಬಂದಳು," ಎಂದಳು, ದನಿ ತಗ್ಗಿಸಿ. "ಏನೂ ಹೇಳಲಿಲ್ಲ. ಮಲಗು ಅಂದೆ. ನನ್ನ ಕೋಣೆಯಲ್ಲಿದಾಳೆ. ನೀವು ಮೇಲೆಲ್ಲ ಹುಡುಕಿದಿರಿ, ನನ್ನ ಕೋಣೆ ಹುಡುಕಲಿಲ್ಲ."

ಇನ್ಸ್‌ಪೆಕ್ಟರ್ ಎದ್ದು ನಿಂತಿದ್ದಳು. ಕೋಣೆಯ ಬಾಗಿಲು ಕೈಯಳತೆಯಲ್ಲಿತ್ತು. ಇಷ್ಟು ಹೊತ್ತು ಆಡಿದ ಒಂದೊಂದು ಮಾತೂ ಆ ಹಲಗೆಯಾಚೆ ಕೇಳಿಸಿರಬೇಕು.

"ಅವಳೇ ಕೊಂದಳಾ ಅಂತ ಕೇಳಲಿಲ್ಲವಾ ನೀವು?"

"ಕೇಳಿದ್ರೆ ಹೇಳ್ತಾಳೆ. ಹೇಳಿದ್ರೆ ನಿಮ್ಮನ್ನ ಕರೀಬೇಕಾಗುತ್ತೆ. ಆಮೇಲೆ ನಾನು ಮತ್ತೆ ಒಬ್ಬಳೇ." ಮುದುಕಿ ತಟ್ಟೆ ಹಿಡಿದು ಬಾಗಿಲ ಕಡೆ ನಡೆದಳು. "ಮೊದಲು ಊಟ ಮಾಡ್ಲಿ. ಆಮೇಲೆ ನೀವೇ ಕೇಳಿ. ನಾನು ಅಡ್ಡ ಬರಲ್ಲ. ಆ ಹುಡುಗನನ್ನ ಬಿಡಿಸಿ."

"ನೀವು ಇಲ್ಲೇ ನಿಲ್ಲಿ."

ಇನ್ಸ್‌ಪೆಕ್ಟರ್ ಆಕೆಯನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ ಬಾಗಿಲು ತಳ್ಳಿದಳು. ಅಗುಳಿ ಹಾಕಿರಲಿಲ್ಲ.

ಸಣ್ಣ ಕೋಣೆ. ಒಂದು ಮಂಚ, ಕೆಳಗೆ ಒಂದು ಚಾಪೆ. ಮಂಚದ ಮೇಲಿನ ಹೊದಿಕೆ ಕೆದರಿತ್ತು, ಚಾಪೆಯ ಮೇಲಿನದು ಮಡಚಿಟ್ಟಿತ್ತು. ಅತಿಥಿಗೆ ಮಂಚ ಬಿಟ್ಟುಕೊಟ್ಟು ಮುದುಕಿ ನೆಲದ ಮೇಲೆ ಮಲಗಿದ್ದಳು. ಎದುರಿನ ಗೋಡೆಯಲ್ಲಿ ಹಿತ್ತಿಲಿಗೆ ಹೋಗುವ ಬಾಗಿಲು. ಅದು ಹಾರು ಹೊಡೆದಿತ್ತು. ಚಳಿಗಾಳಿ ಒಳಗೆ ಬರುತ್ತಿತ್ತು.

ಕೋಣೆಯಲ್ಲಿ ಯಾರೂ ಇರಲಿಲ್ಲ.

ಇನ್ಸ್‌ಪೆಕ್ಟರ್ ದಿಂಬಿನ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು.

"ಇಲ್ಲೇ ಇದ್ದಳು," ಎಂದಳು ಮುದುಕಿ ಹಿಂದಿನಿಂದ. ತಟ್ಟೆ ಅವಳ ಕೈಯಲ್ಲೇ ಇತ್ತು. ಅವಳ ಕಣ್ಣು ಮಂಚದ ತಲೆಯ ಕಡೆಯ ಮೂಲೆಗೆ ಹೋಯಿತು. "ಅವರ ಹಳೇ ಕೋಲು ಅಲ್ಲಿ ಒರಗಿಸಿಟ್ಟಿದ್ದೆ. ಮದುವೆ ಹೊತ್ತಿನದು. ಭಾರದ್ದು. ಅದೂ ಇಲ್ಲ."

ಹಿತ್ತಿಲ ಗೇಟು ಕಿರುಗುಟ್ಟಿತು. ಇನ್ಸ್‌ಪೆಕ್ಟರ್ ತಿರುಗುವಷ್ಟರಲ್ಲಿ ದಫೇದಾರ ಒಳಗೆ ಬಂದ. ಬಿಸಿಲಿಗೆ ನಿಂತು ಬಂದವನಂತೆ ಆರಾಮಾಗಿದ್ದ.

"ಇಸ್ತ್ರಿಯವನು ಇನ್ನೂ ಎದ್ದಿಲ್ಲ ಮೇಡಂ. ಚಹಾ ಏನಾದ್ರೂ..." ಇಬ್ಬರ ಮುಖ ನೋಡಿ ಮಾತು ನುಂಗಿದ.

"ಈ ಬಾಗಿಲಿಂದ ಯಾರಾದ್ರೂ ಹೋದ್ರಾ?"

"ಹೋದ್ಲಲ್ಲ, ಈಗ ತಾನೇ. ಅಮ್ಮಾವ್ರ ಕಡೆ ನೆಂಟರ ಹುಡುಗಿ ಅಂದ್ಕೊಂಡೆ. ಮನೆ ಒಳಗಿಂದಲೇ ಬಂದಳು, ಕೈಯಲ್ಲಿ ಉದ್ದ ಚೀಲ. ನಮಸ್ಕಾರ ಕೂಡ ಮಾಡಿದ್ಲು. ಸೈಕಲ್ ಅಂಗಡಿಗೆ ಹೇಗೆ ಹೋಗಬೇಕು ಅಂತ ಕೇಳಿದ್ಲು."

"ಯಾವ ಸೈಕಲ್ ಅಂಗಡಿ?"

"ಇನ್ಯಾವುದು ಮೇಡಂ, ಚಾಂಪಿಯನ್ ತಮ್ಮಂದು. ಅಡ್ಡದಾರಿ ತೋರಿಸಿಕೊಟ್ಟೆ. ಓಡಿದ್ಲು."

ಇನ್ಸ್‌ಪೆಕ್ಟರ್ ಮುದುಕಿಯ ಕಡೆ ತಿರುಗಿದಳು. ಮುದುಕಿ ಮಂಚದ ಅಂಚಿಗೆ ಕೂತುಬಿಟ್ಟಿದ್ದಳು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರಲ್ಲಿನ ಊಟವನ್ನೇ ನೋಡುತ್ತಿದ್ದಳು.

"ಅಮ್ಮ, ಮೈದುನನ ಹತ್ತಿರ ಯಾಕೆ ಹೋದಳು? ಅವನು ಈ ಮನೆಗೆ ಬಂದು ವರ್ಷಗಳಾದವು ಅಂತಾನಲ್ಲ."

ಮುದುಕಿ ತಟ್ಟೆಯನ್ನು ಪಕ್ಕದಲ್ಲಿ ಮಂಚದ ಮೇಲಿಟ್ಟಳು.

"ನೀವೆಲ್ಲ ಸೋಮವಾರ ಯಾರು ಬಂದ್ರು ಅಂತಲೇ ಕೇಳಿದಿರಿ. ನಿನ್ನೆ ರಾತ್ರಿ ಅವಳು, 'ಭಾನುವಾರ ಯಾರು ಬಂದಿದ್ರು' ಅಂತ ಕೇಳಿದಳು." ತಲೆ ಎತ್ತಿದಳು. "ಭಾನುವಾರ ಸಂಜೆ ನನ್ನ ಮುಂದೆಯೇ ಒಳಮೆಟ್ಟಿಲು ಹತ್ತಿಹೋದವನು ಮೈದುನ. ಮನೆ ಮಾತು ಅಂತ ನಿಮಗೆ ಹೇಳಲಿಲ್ಲ. ಅವಳಿಗೆ ಹೇಳಿಬಿಟ್ಟೆ."